ಏರುದಾರಿಗೆ ದೊಡ್ಡ ಸ್ಕೂಟರ್: ಮಾರ್ಪಾಡಿನ ಕಾರ್ಯದಾಖಲೆ

ದೊಡ್ಡ ಸ್ಕೂಟರನ್ನು ಬೆಟ್ಟದ ಪ್ರವಾಸಕ್ಕೆ ಅಣಿಗೊಳಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ವಾಹನದ ಎತ್ತರಕ್ಕೆ, ಹೆಚ್ಚುವರಿ ದೀಪಗಳಿಗೆ ಮತ್ತು ಪೆಟ್ಟಿಗೆಗಳಿಗೆ. ನಾನು ಈ ಕೆಲಸವನ್ನು ಬೇರೆ ಕ್ರಮದಲ್ಲಿ ಮಾಡಿದ್ದೇನೆ. ಮೊದಲು ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಬೆಲ್ಟ್ ಮತ್ತು ಅದರ ಅನುಪಾತವನ್ನು ಬದಲಿಸುವ ಮುಂದಿನ ಪುಲ್ಲಿಯಾದ ವೇರಿಯೇಟರ್, ನಂತರ ಬ್ರೇಕ್, ಆಮೇಲೆ ಭಾರದ ಹಂಚಿಕೆ, ಇವೆಲ್ಲ ಮುಗಿದ ಮೇಲೆ ಸಸ್ಪೆನ್ಷನ್ ಮತ್ತು ಉಳಿದದ್ದು. ಏರುವಾಗ ಬೆಲ್ಟು ಮತ್ತು ಕ್ಲಚ್ಚಿನಲ್ಲಿ, ಇಳಿಯುವಾಗ ಬ್ರೇಕಿನಲ್ಲಿ ಹುಟ್ಟುವ ಶಾಖವೇ ಇಂಥ ವಾಹನದ ಮಿತಿಯನ್ನು ನಿರ್ಧರಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಈ ದಾಖಲೆಯಲ್ಲಿ ಆ ಎರಡು ಹಂತಗಳಿಗೆ ಹೆಚ್ಚು ಜಾಗ ಹೋಗಿದೆ.

ವಾಹನದ ಸ್ವರೂಪ ಹೀಗಿದೆ. 300 ಸಿಸಿ ದರ್ಜೆಯ, ನೀರಿನಿಂದ ತಂಪಾಗುವ, ಫ್ಯುಯೆಲ್ ಇಂಜೆಕ್ಷನ್ ಇರುವ ಒಂಟಿ ಸಿಲಿಂಡರ್ ಎಂಜಿನ್. ಬೆಲ್ಟ್ ಚಾಲಿತ ಸಿವಿಟಿ, ಅಂದರೆ ಎರಡು ಪುಲ್ಲಿಗಳ ನಡುವಿನ ಬೆಲ್ಟಿನಿಂದ ಗೇರಿನ ಅನುಪಾತ ತಾನಾಗಿ ಬದಲಾಗುವ ವ್ಯವಸ್ಥೆ. ಮುಂದೆ 15 ಇಂಚು, ಹಿಂದೆ 14 ಇಂಚಿನ ಚಕ್ರಗಳು. ಎರಡೂ ಕಡೆ ಒಂದೊಂದು ಡಿಸ್ಕ್ ಮತ್ತು ಎಬಿಎಸ್. 13 ಲೀಟರಿನ ಪೆಟ್ರೋಲ್ ಟ್ಯಾಂಕ್. ಎಂಜಿನ್ ಮತ್ತು ಹಿಂದಿನ ಚಕ್ರ ಒಂದೇ ಘಟಕವಾಗಿ ಮೇಲೆ ಕೆಳಗೆ ಆಡುತ್ತವೆ. ಈ ಕೊನೆಯ ಅಂಶವನ್ನು ಆರಂಭದಲ್ಲೇ ಗಮನಿಸಬೇಕು. ಯಮಹಾ ಟಿಮ್ಯಾಕ್ಸ್‌ನಂಥ ಸ್ಕೂಟರುಗಳಲ್ಲಿ ಎಂಜಿನ್ ಚಾಸಿಗೆ ಕಟ್ಟಿಕೊಂಡಿರುತ್ತದೆ. ಹೋಂಡಾ ಎಕ್ಸ್-ಎಡಿವಿ 750ರಲ್ಲಿ ಬೆಲ್ಟ್ ಸಿವಿಟಿಯೇ ಇಲ್ಲ, ಎರಡು ಕ್ಲಚ್ಚುಗಳ ಗೇರ್‌ಬಾಕ್ಸ್ ಮತ್ತು ಚೈನ್ ಇವೆ. ಅಂಥ ವಾಹನ ಇರುವವರಿಗೆ ಕೆಳಗಿನ 2ನೇ ಮತ್ತು 6ನೇ ಹಂತಗಳು ಇದ್ದಂತೆಯೇ ಅನ್ವಯಿಸುವುದಿಲ್ಲ.

ಹಂತ 1: ಬಿಚ್ಚುವ ಮೊದಲಿನ ಅಳತೆಗಳು

ಯಾವುದೇ ಬೋಲ್ಟಿಗೆ ಸ್ಪ್ಯಾನರ್ ಹಚ್ಚುವ ಮೊದಲು ವಾಹನದ ಈಗಿನ ಸ್ಥಿತಿಯನ್ನು ಅಂಕಿಗಳಲ್ಲಿ ಬರೆದಿಟ್ಟುಕೊಂಡೆ. ಪೆಟ್ರೋಲ್ ತುಂಬಿದ ಸ್ಕೂಟರಿನ ತೂಕವನ್ನು ಚಕ್ರಕ್ಕೊಂದರಂತೆ ತಕ್ಕಡಿ ಇಟ್ಟು ತೂಗಿದಾಗ ಮುಂದೆ 82 ಕೆಜಿ, ಹಿಂದೆ 101 ಕೆಜಿ ಬಂತು. 72 ಕೆಜಿಯ ಸವಾರ ಕುಳಿತು, 28 ಕೆಜಿ ಸಾಮಾನನ್ನೆಲ್ಲ ಹಿಂದಿನ ಮೇಲುಪೆಟ್ಟಿಗೆಯಲ್ಲಿ ಇಟ್ಟಾಗ ಮುಂದೆ 105, ಹಿಂದೆ 178 ಆಯಿತು. ಅಂದರೆ ಸವಾರ ಮತ್ತು ಸಾಮಾನು ಸೇರಿ 100 ಕೆಜಿ ಏರಿಸಿದರೂ ಮುಂದಿನ ಚಕ್ರಕ್ಕೆ ತಲುಪಿದ್ದು 23 ಕೆಜಿ ಮಾತ್ರ. ಕಡಿದಾದ ಏರಿನಲ್ಲಿ ಭಾರ ಇನ್ನಷ್ಟು ಹಿಂದಕ್ಕೆ ಸರಿಯುವುದರಿಂದ, ತಿರುವುಗಳಲ್ಲಿ ಹ್ಯಾಂಡಲ್ ಹಗುರವಾಗಿ ಅಲೆಯುತ್ತಿದ್ದುದಕ್ಕೆ ಕಾರಣ ಇಲ್ಲಿಯೇ ಸಿಕ್ಕಿತು.

ಸವಾರ ಕುಳಿತಾಗ ಮುಂದಿನ ಫೋರ್ಕ್ ತನ್ನ 110 ಮಿ.ಮೀ. ಚಲನೆಯಲ್ಲಿ 42 ಮಿ.ಮೀ. ಕುಸಿಯುತ್ತಿತ್ತು. ನೆಲದಿಂದ ಚಾಸಿಯ ಅತಿ ಕೆಳಗಿನ ಭಾಗಕ್ಕೆ, ಸಾಮಾನು ಸಹಿತ, 118 ಮಿ.ಮೀ. ಇತ್ತು. ಪೂರ್ಣ ಭಾರದಲ್ಲಿ ಉದ್ದನೆಯ ಏರಿನಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ ಎಂಜಿನ್ ನಿಮಿಷಕ್ಕೆ ಸುಮಾರು 5,600 ಸುತ್ತುಗಳಲ್ಲಿ ನಿಲ್ಲುತ್ತಿತ್ತು. ಈ ಎಂಜಿನ್ನಿನ ಗರಿಷ್ಠ ಶಕ್ತಿ ಇರುವುದು 7,000 ಸುತ್ತುಗಳ ಆಚೆ. ಮುಂದಿನ ಎಲ್ಲ ಬದಲಾವಣೆಗಳನ್ನೂ ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದ್ದೇನೆ. ಈ ಹಂತಕ್ಕೆ ಬೇಕಾದದ್ದು ತಕ್ಕಡಿ, ಅಳತೆ ಟೇಪು, ಫೋರ್ಕಿನ ನಳಿಗೆಗೆ ಕಟ್ಟಲು ಒಂದು ಕೇಬಲ್ ಟೈ, ಹಿಡಿದುಕೊಳ್ಳಲು ಇನ್ನೊಬ್ಬರು, ಇಷ್ಟೇ.

ಹಂತ 2: ವೇರಿಯೇಟರ್, ಬೆಲ್ಟ್, ಕ್ಲಚ್

ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್ ಇರುವ ವಾಯುಒತ್ತಡ 3,000 ಮೀಟರ್ ಎತ್ತರದಲ್ಲಿ 70ರ ಆಸುಪಾಸಿಗೆ ಇಳಿಯುತ್ತದೆ. ಇಂಜೆಕ್ಷನ್ ವ್ಯವಸ್ಥೆ ಅದಕ್ಕೆ ತಕ್ಕಂತೆ ಪೆಟ್ರೋಲನ್ನು ಕಡಿಮೆ ಮಾಡಿ ಮಿಶ್ರಣವನ್ನು ಸರಿದೂಗಿಸುತ್ತದೆ, ಆದರೆ ಗಾಳಿಯೇ ಕಡಿಮೆಯಾದಾಗ ಶಕ್ತಿ ಕುಗ್ಗದೆ ಇರುವುದಿಲ್ಲ. ಬೆಲ್ಟ್ ಸಿವಿಟಿಯಲ್ಲಿ ಇದಕ್ಕೆ ಮತ್ತೊಂದು ತೊಂದರೆ ಸೇರಿಕೊಳ್ಳುತ್ತದೆ. ಹಿಂದಿನ ಪುಲ್ಲಿಯೊಳಗೆ ಓರೆಯಾದ ಸೀಳುಗಳಿರುವ ಟಾರ್ಕ್ ಕ್ಯಾಮ್ ಇದ್ದು, ಎಂಜಿನ್ ಬಲವಾಗಿ ಎಳೆದಷ್ಟೂ ಅದು ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರ ಒತ್ತಿ ಅನುಪಾತವನ್ನು ಕೆಳಗಿನ ಗೇರಿನ ಕಡೆಗೆ ಹಿಡಿದಿಡುತ್ತದೆ. ಎತ್ತರದಲ್ಲಿ ಎಂಜಿನ್ನಿನ ಎಳೆತ ಕುಗ್ಗಿದಾಗ ಈ ಒತ್ತೂ ಕುಗ್ಗಿ, ಮುಂದಿನ ವೇರಿಯೇಟರ್ ಬೇಗನೆ ಮೇಲಿನ ಅನುಪಾತಕ್ಕೆ ಜಾರುತ್ತದೆ. ಶಕ್ತಿ ಮೊದಲೇ ಕಡಿಮೆಯಿರುವ ಎಂಜಿನ್, ತನಗೆ ಶಕ್ತಿಯಿಲ್ಲದ ಸುತ್ತುಗಳಿಗೆ ಇಳಿದು ಒದ್ದಾಡುವುದು ಇದರಿಂದಲೇ.

ಪರಿಹಾರ ಹಗುರವಾದ ರೋಲರುಗಳು, ಅಂದರೆ ವೇರಿಯೇಟರಿನೊಳಗೆ ಹೊರಕ್ಕೆ ಸರಿಯುತ್ತಾ ಅದರ ತಟ್ಟೆಗಳನ್ನು ಹತ್ತಿರ ಒತ್ತುವ ತೂಕಗಳು. ಮೂಲದಲ್ಲಿ 18 ಗ್ರಾಮಿನ ಆರು ರೋಲರುಗಳಿದ್ದವು. ರೋಲರುಗಳು ಹೊರಕ್ಕೆ ತಳ್ಳುವ ಬಲ ಅವುಗಳ ತೂಕಕ್ಕೂ ಸುತ್ತಿನ ವೇಗದ ವರ್ಗಕ್ಕೂ ಅನುಗುಣವಾಗಿರುವುದರಿಂದ, ತೂಕವನ್ನು ಅರ್ಧ ಮಾಡಿದರೆ ಸುತ್ತು ಎರಡು ಪಟ್ಟಾಗುವುದಿಲ್ಲ. ಬದಲಾವಣೆ ನಿರೀಕ್ಷಿಸಿದ್ದಕ್ಕಿಂತ ಮೃದುವಾಗಿರುತ್ತದೆ. 13 ಗ್ರಾಮಿನ ಜೊತೆಯನ್ನು ಹಾಕಿದಾಗ ಏರಿನಲ್ಲಿ ಎಂಜಿನ್ 6,600ರ ಸಮೀಪ ನಿಂತಿತು, ಎಳೆತ ಚೆನ್ನಾಗಿತ್ತು. ಆದರೆ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ 5,000 ಇದ್ದ ಸುತ್ತು 5,800 ದಾಟಿ, ದಿನವಿಡೀ ಸವಾರಿ ಮಾಡುವವರಿಗೆ ಹ್ಯಾಂಡಲಿನ ನಡುಕ ಬೇಸರ ತರುವಷ್ಟಾಯಿತು ಮತ್ತು ಪೆಟ್ರೋಲ್ ಬಳಕೆಯೂ ಕಣ್ಣಿಗೆ ಕಾಣುವಷ್ಟು ಏರಿತು. ಆ ಜೊತೆಯನ್ನು ತೆಗೆದೆ. 15 ಗ್ರಾಮಿನ ಜೊತೆ ಈ ಅಳತೆಯಲ್ಲಿ ದೊರಕದಿದ್ದುದರಿಂದ 16 ಗ್ರಾಮಿನ ಮೂರು ಮತ್ತು 14 ಗ್ರಾಮಿನ ಮೂರನ್ನು ಒಂದು ಬಿಟ್ಟು ಒಂದರಂತೆ ಜೋಡಿಸಿದೆ. ಸರಾಸರಿ 15 ಗ್ರಾಂ ಆಗುತ್ತದೆ; ಹೀಗೆ ಸರದಿಯಂತೆ ಇಟ್ಟರೆ ತಿರುಗುವಾಗ ಸಮತೋಲ ಕೆಡುವುದಿಲ್ಲ. ಏರಿನಲ್ಲಿ ಈಗ ಎಂಜಿನ್ 6,100ರಿಂದ 6,200ರಲ್ಲಿ ನಿಲ್ಲುತ್ತದೆ. ಈ ಮಾರ್ಪಾಡಿನಲ್ಲಿ ಇದಕ್ಕಿಂತ ಅಗ್ಗವಾದ ಮತ್ತು ಇದಕ್ಕಿಂತ ಹೆಚ್ಚು ಫಲ ಕೊಟ್ಟ ಭಾಗ ಇನ್ನೊಂದಿಲ್ಲ.

ರೋಲರುಗಳ ಜೊತೆ ಮಾರುವ ಗಟ್ಟಿ ಕಾಂಟ್ರಾ ಸ್ಪ್ರಿಂಗನ್ನು (ಹಿಂದಿನ ಪುಲ್ಲಿಯ ತಟ್ಟೆಗಳನ್ನು ಒತ್ತಿಹಿಡಿಯುವ ಸ್ಪ್ರಿಂಗ್) ನಾನು ಹಾಕಲಿಲ್ಲ. ಅದು ಸುತ್ತನ್ನು ಏರಿಸುವುದು ನಿಜ, ಆದರೆ ಬೆಲ್ಟನ್ನು ಸದಾಕಾಲ ಹೆಚ್ಚು ಬಿಗಿಯಾಗಿ ಹಿಂಡಿ ಶಾಖವನ್ನೂ ಸವೆತವನ್ನೂ ಹೆಚ್ಚಿಸುತ್ತದೆ. ಗಟ್ಟಿ ಕ್ಲಚ್ ಸ್ಪ್ರಿಂಗುಗಳನ್ನಂತೂ ಬೆಟ್ಟದ ವಾಹನಕ್ಕೆ ಖಂಡಿತ ಹಾಕಬಾರದು. ಅವು ಕ್ಲಚ್ ಹಿಡಿಯುವ ಸುತ್ತನ್ನು ಮೇಲಕ್ಕೆ ಒಯ್ಯುತ್ತವೆ. ನಿಂತಲ್ಲಿಂದ ಜಿಗಿಯಲು ಬಯಸುವವರಿಗೆ ಅದು ಹಿತವೆನಿಸಬಹುದು, ಭಾರ ಹೊತ್ತು ಹೇರ್‌ಪಿನ್ ತಿರುವಿನಲ್ಲಿ ನಿಧಾನವಾಗಿ ಏರುವ ವಾಹನದಲ್ಲಿ ಕ್ಲಚ್ ಶೂಗಳು ಡ್ರಮ್ಮಿನೊಳಗೆ ಇನ್ನಷ್ಟು ಹೊತ್ತು ಉಜ್ಜಿಕೊಂಡೇ ಇರುವಂತಾಗುತ್ತದೆ. ಮೂಲ ಸ್ಪ್ರಿಂಗುಗಳನ್ನೇ ಉಳಿಸಿಕೊಂಡು, ಗಾಜಿನಂತೆ ನುಣುಪಾಗಿದ್ದ ಶೂಗಳನ್ನೂ ಡ್ರಮ್ಮಿನ ಒಳಮೈಯನ್ನೂ ಎಮರಿ ಕಾಗದದಿಂದ ಹದವಾಗಿ ಉಜ್ಜಿ, ಬ್ರೇಕ್ ಕ್ಲೀನರಿನಿಂದ ತೊಳೆದೆ. ಹೊರಡುವಾಗ ಬರುತ್ತಿದ್ದ ಕಂಪನ ಅಷ್ಟರಿಂದಲೇ ಹೋಯಿತು. ಟಾರ್ಕ್ ಕ್ಯಾಮಿನ ಪಿನ್ನುಗಳಿಗೆ ಮಾತ್ರ ಶಾಖ ತಾಳುವ ಗ್ರೀಸನ್ನು ತೆಳುವಾಗಿ ಸವರಬೇಕು; ಪುಲ್ಲಿಯ ತಟ್ಟೆಗಳಿಗೆ ಗ್ರೀಸಿನ ಕೈಬೆರಳಿನ ಗುರುತೂ ಅಂಟಬಾರದು.

ಬೆಲ್ಟನ್ನು ವರ್ನಿಯರಿನಿಂದ ಅಳೆದಾಗ ಕೈಪಿಡಿಯ ಕನಿಷ್ಠ ಅಗಲಕ್ಕಿಂತ 0.8 ಮಿ.ಮೀ. ಹೆಚ್ಚಿತ್ತು. ಸಾಮಾನ್ಯ ಬಳಕೆಗೆ ಅದು ಸಾಕಾಗುತ್ತಿತ್ತು, ಆದರೂ ಬದಲಾಯಿಸಿದೆ. ತೆಗೆದ ಬೆಲ್ಟನ್ನು ಸೀಟಿನ ಕೆಳಗೆ ತುರ್ತು ಬಳಕೆಗೆಂದು ಇರಿಸಿದ್ದೇನೆ. ಅದರ ಜೊತೆ ವೇರಿಯೇಟರ್ ನಟ್ಟಿನ ಸಾಕೆಟ್ಟು ಮತ್ತು ಪುಲ್ಲಿ ತಿರುಗದಂತೆ ಹಿಡಿಯುವ ಸಾಧನ ಇಲ್ಲದಿದ್ದರೆ ಬೆಲ್ಟನ್ನು ಹೊತ್ತೊಯ್ದು ಪ್ರಯೋಜನವಿಲ್ಲ.

ಮರುಜೋಡಣೆಯಲ್ಲಿ ಒಂದು ಅಂಶಕ್ಕೆ ವಿಶೇಷ ಎಚ್ಚರ ಬೇಕು. ಹಿಂದಿನ ಪುಲ್ಲಿಯ ತಟ್ಟೆಗಳನ್ನು ಕೈಯಿಂದ ಅಗಲಿಸಿ ಬೆಲ್ಟನ್ನು ಅದರ ಆಳಕ್ಕೆ ಇಳಿಸಬೇಕು. ಆಗ ಮುಂದಿನ ಕಡೆ ಬೆಲ್ಟ್ ಸಡಿಲವಾಗಿ, ವೇರಿಯೇಟರಿನ ಬೋಸಿನ (ನಡುವಿನ ಕೊಳವೆಯ) ಮೇಲೆ ಮುಕ್ತವಾಗಿ ಕೂರುತ್ತದೆ. ಹೀಗೆ ಮಾಡದೆ ನಟ್ಟನ್ನು ಬಿಗಿದರೆ ಬೆಲ್ಟ್ ಎರಡು ತಟ್ಟೆಗಳ ನಡುವೆ ಸಿಕ್ಕಿಕೊಂಡು, ಟಾರ್ಕ್ ರೆಂಚ್ ಸರಿಯಾದ ಅಂಕಿಯಲ್ಲೇ ಸದ್ದು ಮಾಡಿದರೂ ನಿಜವಾಗಿ ಹೊರತಟ್ಟೆ ಬೋಸಿಗೆ ತಾಗಿರುವುದಿಲ್ಲ. ಎಂಜಿನ್ ತಿರುಗಿ ಬೆಲ್ಟ್ ತನ್ನ ಜಾಗಕ್ಕೆ ಇಳಿದ ಕೂಡಲೇ ನಟ್ಟು ಸಡಿಲವಾಗುತ್ತದೆ, ಕ್ರ್ಯಾಂಕಿನ ಹಲ್ಲುಗಳು ಕೆಟ್ಟುಹೋಗುತ್ತವೆ. ನಟ್ಟನ್ನು ಬಿಗಿದ ಮೇಲೆ ಬೆಲ್ಟನ್ನು ಕೈಯಿಂದ ಪಕ್ಕಕ್ಕೆ ಅಲುಗಿಸಿ ನೋಡಬೇಕು. ಮುಂದಿನ ಕಡೆ ಅದು ಸಲೀಸಾಗಿ ಜಾರಿದರೆ ಜೋಡಣೆ ಸರಿಯಾಗಿದೆ ಎಂದರ್ಥ. ಪುಲ್ಲಿಯನ್ನು ಹಿಡಿಯಲು ಫ್ಯಾನಿನ ರೆಕ್ಕೆಗಳ ನಡುವೆ ಸ್ಕ್ರೂಡ್ರೈವರ್ ತುರುಕುವ ಪದ್ಧತಿಯನ್ನು ಪೂರ್ತಿ ಬಿಡಬೇಕು. ಮುರಿದ ರೆಕ್ಕೆ ಎಂದರೆ ಕಡಿಮೆಯಾದ ಗಾಳಿ, ಕಡಿಮೆಯಾದ ಗಾಳಿ ಎಂದರೆ ಬಿಸಿಯಾದ ಬೆಲ್ಟ್.

ಬೆಲ್ಟ್ ಪೆಟ್ಟಿಗೆಗೆ ಗಾಳಿ ಒಳಬರುವಲ್ಲಿ ಸ್ಪಂಜಿನ ಫಿಲ್ಟರ್ ಇದೆ. ಧೂಳಿನ ರಸ್ತೆಗೆಂದು ಅದರ ಮುಂದೆ ಮತ್ತೊಂದು ಪದರ ಸ್ಪಂಜ್ ಸೇರಿಸಿದ್ದೆ. ಪೆಟ್ಟಿಗೆಯ ಹೊರಮೈಗೆ ಅಂಟಿಸಿದ್ದ ಉಷ್ಣತೆಯ ಪಟ್ಟಿ, ಅದೇ ಏರಿನಲ್ಲಿ ಅದೇ ಭಾರದಲ್ಲಿ, 69 ಡಿಗ್ರಿಯ ಬದಲು 78 ಡಿಗ್ರಿ ತೋರಿಸಿತು. ಹೆಚ್ಚುವರಿ ಪದರವನ್ನು ಕಿತ್ತು ಹಾಕಿ, ಮೂಲ ಫಿಲ್ಟರನ್ನೇ ಮೂರು ಪಟ್ಟು ಹೆಚ್ಚು ಸಲ ಸ್ವಚ್ಛಗೊಳಿಸುವ ನಿಯಮ ಮಾಡಿಕೊಂಡಿದ್ದೇನೆ. ತೊರೆ ದಾಟುವಾಗ ನೀರಿನ ಮಟ್ಟ ಈ ಗಾಳಿಬಾಯಿಯ ಹತ್ತಿರ ಬರುವಂತಿದ್ದರೆ ದಾಟಬಾರದು. ಎಂಜಿನ್ನಿನೊಳಗೆ ನೀರು ಹೋಗುವ ಎಷ್ಟೋ ಮೊದಲೇ ಬೆಲ್ಟ್ ಒದ್ದೆಯಾಗಿ ಜಾರತೊಡಗುತ್ತದೆ.

ಕೊನೆಯ ಗೇರಿನ ಹಲ್ಲುಗಳನ್ನು ಬದಲಿಸಿ ಇಡೀ ಅನುಪಾತವನ್ನೇ ತಗ್ಗಿಸುವ ದಾರಿಯೂ ಇದೆ. ಅತಿ ಕಡಿದಾದ ಏರಿನಲ್ಲಿ ನಿಂತು ಹೊರಡುವಾಗ ರೋಲರುಗಳಿಂದ ಸಹಾಯವಾಗದು, ಏಕೆಂದರೆ ಆಗ ಬೆಲ್ಟ್ ಈಗಾಗಲೇ ಅತಿ ಕೆಳಗಿನ ಅನುಪಾತದಲ್ಲಿರುತ್ತದೆ. ಅಲ್ಲಿ ಫಲ ಕೊಡುವುದು ಗೇರಿನ ಬದಲಾವಣೆ ಮಾತ್ರ. ಆದರೆ ಅದಕ್ಕೆ ಹಿಂದಿನ ಗೇರ್‌ಕೇಸನ್ನು ಪೂರ್ತಿ ಬಿಚ್ಚಿ ಬೇರಿಂಗುಗಳನ್ನು ಒತ್ತಿ ತೆಗೆಯಬೇಕಾಗುತ್ತದೆ. ಸದ್ಯಕ್ಕೆ ಅದನ್ನು ಮುಂದೂಡಿದ್ದೇನೆ.

ಹಂತ 3: ಬ್ರೇಕ್ ಮತ್ತು ಇಳಿಜಾರು

ಸ್ಕೂಟರಿನಲ್ಲಿ ಕೆಳಗಿನ ಗೇರಿಗೆ ಇಳಿಸಿ ಎಂಜಿನ್ನಿನಿಂದ ವೇಗ ತಡೆಯುವ ಸ್ವಾತಂತ್ರ್ಯ ಸವಾರನಿಗಿಲ್ಲ. ಕ್ಲಚ್ ಹಿಡಿದಿರುವವರೆಗೆ ಸ್ವಲ್ಪ ತಡೆ ಸಿಗುತ್ತದೆ. ವೇಗ ಗಂಟೆಗೆ 15–20 ಕಿ.ಮೀ.ಗಿಂತ ಕೆಳಗಿಳಿದಾಗ ನನ್ನ ಸ್ಕೂಟರಿನಲ್ಲಿ ಕ್ಲಚ್ ಬಿಟ್ಟುಕೊಂಡು ವಾಹನ ತಾನಾಗಿ ಉರುಳತೊಡಗುತ್ತದೆ. ಕಡಿದಾದ ಹೇರ್‌ಪಿನ್‌ನಲ್ಲಿ ಸರಿಯಾಗಿ ಆ ವೇಗಕ್ಕೇ ಇಳಿಯಬೇಕಾಗುವುದರಿಂದ, ತಡೆ ಹೆಚ್ಚು ಬೇಕಾದ ಜಾಗದಲ್ಲೇ ಅದು ಇಲ್ಲವಾಗುತ್ತದೆ. ಹಿಂದಿನ ಬ್ರೇಕನ್ನು ಹಿಡಿದಿದ್ದಂತೆಯೇ ಥ್ರಾಟಲನ್ನು ಕೂದಲೆಳೆಯಷ್ಟು ತೆರೆದರೆ ಕ್ಲಚ್ ಮತ್ತೆ ಹಿಡಿಯುತ್ತದೆ. ತಿರುವು ಮುಗಿದ ಕೂಡಲೇ ಹೀಗೆ ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳುವುದು ಅಗತ್ಯ. ಹಗುರ ರೋಲರುಗಳು ಇಲ್ಲಿಯೂ ಅಲ್ಪ ನೆರವು ನೀಡಿವೆ, ಏಕೆಂದರೆ ಥ್ರಾಟಲ್ ಮುಚ್ಚಿದಾಗ ಬೆಲ್ಟ್ ಬೇಗನೆ ಕೆಳಗಿನ ಅನುಪಾತಕ್ಕೆ ಮರಳುತ್ತದೆ.

ಉಳಿದ ಶಾಖವೆಲ್ಲ ಡಿಸ್ಕುಗಳ ಪಾಲು. ಹೀಗಾಗಿ ಬ್ರೇಕ್ ದ್ರವದಿಂದ ಕೆಲಸ ಆರಂಭಿಸಿದೆ. ಡಾಟ್ 4 ದ್ರವದ ಕನಿಷ್ಠ ಕುದಿಬಿಂದು ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿಕೊಂಡ ಮೇಲೆ 155 ಡಿಗ್ರಿ. ಡಾಟ್ 5.1ಕ್ಕೆ ಇವೇ ಅಂಕಿಗಳು 260 ಮತ್ತು 180. ಹಳೆಯ ದ್ರವ ಉದ್ದನೆಯ ಇಳಿಜಾರಿನಲ್ಲಿ ಕುದಿದು ಆವಿಯಾದರೆ ಲಿವರ್ ಹ್ಯಾಂಡಲಿಗೆ ತಾಗುವವರೆಗೆ ಒಳಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಕೈಪಿಡಿ ಡಾಟ್ 4 ಕೇಳಿದರೆ ಅದೇ ಗ್ಲೈಕಾಲ್ ವರ್ಗದ ಡಾಟ್ 5.1 ಹಾಕಬಹುದು, ಹೆಸರು ಹತ್ತಿರವಿದ್ದರೂ ಡಾಟ್ 5 ಸಿಲಿಕೋನ್ ದ್ರವ, ಅದನ್ನು ಈ ವ್ಯವಸ್ಥೆಗೆ ಹಾಕಬಾರದು. ನಾನು 5.1 ಹಾಕಿದ್ದೇನೆ ಮತ್ತು ಪ್ರತಿ ಬೆಟ್ಟದ ಋತುವಿನ ಆರಂಭದಲ್ಲಿ ಬದಲಿಸಲು ನಿಶ್ಚಯಿಸಿದ್ದೇನೆ. ದ್ರವ ಬದಲಿಸುವಾಗ ಮೇಲಿನ ಬಟ್ಟಲು ಒಂದು ಕ್ಷಣವೂ ಖಾಲಿಯಾಗದಂತೆ ನೋಡಿಕೊಳ್ಳಬೇಕು; ಎಬಿಎಸ್ ಘಟಕದೊಳಗೆ ಗಾಳಿ ಸೇರಿದರೆ ಅದನ್ನು ಮನೆಯ ಸಲಕರಣೆಗಳಿಂದ ಹೊರಹಾಕುವುದು ಬಹಳ ಕಷ್ಟ.

ಮುಂದಿನ ಕ್ಯಾಲಿಪರಿಗೆ ಸಿಂಟರ್ಡ್ (ಲೋಹದ ಪುಡಿಯನ್ನು ಬಿಸಿಯಲ್ಲಿ ಒತ್ತಿ ಮಾಡಿದ) ಪ್ಯಾಡುಗಳನ್ನು ಹಾಕಿದೆ. ಅವು ಬಿಸಿಯಾದಾಗ ಆರ್ಗ್ಯಾನಿಕ್ ಪ್ಯಾಡುಗಳಿಗಿಂತ ಚೆನ್ನಾಗಿ ಹಿಡಿತ ಉಳಿಸಿಕೊಳ್ಳುತ್ತವೆ, ಆದರೆ ಡಿಸ್ಕ್ ಅವಕ್ಕೆ ತಕ್ಕದ್ದಾಗಿರಬೇಕು. ಹಿಂದಿನ ಚಕ್ರಕ್ಕೂ ಅವನ್ನೇ ಹಾಕಿ ನೋಡಿದಾಗ ಸಡಿಲ ಜಲ್ಲಿಯ ಮೇಲೆ ಮೊದಲ ಹಿಡಿತ ತೀರಾ ಚುರುಕಾಗಿ, ಎಬಿಎಸ್ ಮತ್ತೆ ಮತ್ತೆ ಎಚ್ಚರಗೊಳ್ಳುತ್ತಿತ್ತು. ಹಿಂದೆ ಮೂಲ ಪ್ಯಾಡುಗಳನ್ನೇ ಮರಳಿ ಹಾಕಿದ್ದೇನೆ. ಬ್ರೇಕಿನ ರಬ್ಬರ್ ಪೈಪುಗಳು ಬಿರುಕಿಲ್ಲದೆ ಚೆನ್ನಾಗಿದ್ದುದರಿಂದ ಸ್ಟೀಲ್ ಹೆಣಿಗೆಯ ಪೈಪುಗಳಿಗೆ ಖರ್ಚು ಮಾಡಲಿಲ್ಲ.

ಹಂತ 4: ಭಾರದ ಹಂಚಿಕೆ ಮತ್ತು ಪೆಟ್ರೋಲ್

ಮೇಲುಪೆಟ್ಟಿಗೆ ಹಿಂದಿನ ಅಚ್ಚಿನ ಹಿಂದೆ ಇರುವುದರಿಂದ ಅದರಲ್ಲಿಟ್ಟ ಪ್ರತಿ ಕಿಲೋ ಮುಂದಿನ ಚಕ್ರದ ಮೇಲಿನ ಭಾರವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತದೆ. ಉಪಕರಣ, ಬಿಡಿಭಾಗ, ಪಂಕ್ಚರ್ ಸಾಮಗ್ರಿ ಸೇರಿ 12 ಕೆಜಿಯನ್ನು ಸವಾರನ ಕಾಲುಗಳ ನಡುವೆ ಉಬ್ಬಿರುವ ಭಾಗವಾದ ಟನಲ್ ಮೇಲೆ ಎರಡು ಬದಿಗೆ ಇಳಿಬಿದ್ದ ಚೀಲಗಳಿಗೆ ತಂದೆ. 10 ಕೆಜಿ ಸೀಟಿನ ಕೆಳಗೆ ಹೋಯಿತು. ಮಲಗುವ ಚೀಲ ಮತ್ತು ಬಟ್ಟೆಗಳಂಥ 6 ಕೆಜಿ ಹಗುರ ಸಾಮಾನು ಮಾತ್ರ ಮೇಲುಪೆಟ್ಟಿಗೆಯಲ್ಲಿ ಉಳಿಯಿತು. ಅದೇ 28 ಕೆಜಿ, ಅದೇ ಸವಾರ. ತಕ್ಕಡಿಯಲ್ಲಿ ಮುಂದೆ 105ರ ಬದಲು 117, ಹಿಂದೆ 178ರ ಬದಲು 166. ತಿರುವುಗಳಲ್ಲಿ ಹ್ಯಾಂಡಲ್ ಅಲೆಯುವುದು ಇದರಿಂದಲೇ ಬಹುಮಟ್ಟಿಗೆ ನಿಂತಿತು. ಬಿಡಿಭಾಗಗಳನ್ನು ಕೊಳ್ಳುವ ಮೊದಲು ಎಲ್ಲರೂ ಇದನ್ನು ಮಾಡಿ ನೋಡಲಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಟನಲ್ ಚೀಲಗಳ ವಿಷಯದಲ್ಲಿ ಪೆಟ್ರೋಲ್ ಮುಚ್ಚಳ ತೆರೆಯಲು ಅಡ್ಡಿಯಾಗದಿರಲಿ ಮತ್ತು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಮಂಡಿಗೆ ತಾಗದಿರಲಿ. ಭಾರ ಹೊತ್ತು ಏರುವಾಗ ಲೀಟರಿಗೆ 24 ಕಿ.ಮೀ. ಸಿಗುತ್ತಿದೆ, 13 ಲೀಟರಿಗೆ 312 ಕಿ.ಮೀ. ಎಂದು ಲೆಕ್ಕ ಬಂದರೂ 250 ಕಿ.ಮೀ.ಗಿಂತ ಹೆಚ್ಚು ನೆಚ್ಚಿಕೊಳ್ಳುವುದಿಲ್ಲ. ಅದಕ್ಕಿಂತ ದೂರ ಪೆಟ್ರೋಲ್ ಸಿಗದ ದಾರಿಗೆ ಇಂಧನಕ್ಕೆಂದೇ ತಯಾರಾದ ಡಬ್ಬಿಯನ್ನು ಹಿಂದಿನ ರ‍್ಯಾಕಿನ ಹೊರಬದಿಗೆ ಕಟ್ಟಬೇಕು. ಸೀಟಿನ ಕೆಳಗಿನ ಜಾಗ ಎಂಜಿನ್ನಿನ ಮೇಲೆಯೇ ಇರುವುದರಿಂದ ಅಲ್ಲಿ ಪೆಟ್ರೋಲ್ ಇಡುವುದು ಅಪಾಯ.

ಹಂತ 5: ಸಸ್ಪೆನ್ಷನ್

ಇಡೀ ಕೆಲಸದಲ್ಲಿ ಅತಿ ಹೆಚ್ಚು ಖರ್ಚು ತಗುಲಿದ್ದು ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳಿಗೆ. ಮೂಲಕ್ಕಿಂತ 30 ಮಿ.ಮೀ. ಉದ್ದದ ಜೊತೆಯನ್ನು ಮೊದಲು ಎರವಲು ತಂದು ಕೂರಿಸಿದಾಗ ಮೂರು ತೊಂದರೆಗಳು ಒಟ್ಟಿಗೇ ಕಂಡವು. ಚಕ್ರ ಪೂರ್ತಿ ಇಳಿಬಿದ್ದಾಗ ಹಿಂದಿನ ಬ್ರೇಕ್ ಪೈಪೂ ಎಬಿಎಸ್ ಸೆನ್ಸರಿನ ತಂತಿಯೂ ಬಿಗಿದುಕೊಂಡವು. ನನ್ನ ಸ್ಕೂಟರಿನಲ್ಲಿ ಸೆಂಟರ್ ಸ್ಟ್ಯಾಂಡ್ ಚಾಸಿಗೆ ಜೋಡಣೆಯಾಗಿರುವುದರಿಂದ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡಲಿಲ್ಲ. ಸೈಡ್ ಸ್ಟ್ಯಾಂಡಿನ ಮೇಲೆ ವಾಹನ ಆತಂಕವಾಗುವಷ್ಟು ವಾಲಿತು. ಆದ್ದರಿಂದ ಮೂಲಕ್ಕಿಂತ 15 ಮಿ.ಮೀ. ಮಾತ್ರ ಹೆಚ್ಚು ಉದ್ದದ, ಸ್ಪ್ರಿಂಗಿನ ಬಿಗುವನ್ನು ತಿರುಗಿಸಿ ಹೊಂದಿಸಬಹುದಾದ ಜೊತೆಯನ್ನು ಆರಿಸಿದೆ. ಸೈಡ್ ಸ್ಟ್ಯಾಂಡಿನ ಪಾದಕ್ಕೆ 8 ಮಿ.ಮೀ. ದಪ್ಪದ ಅಗಲ ತಟ್ಟೆಯನ್ನು ಬೋಲ್ಟಿನಿಂದ ಕೂಡಿಸಿದ್ದು ಎರಡು ಕೆಲಸ ಮಾಡಿತು: ವಾಲುವಿಕೆ ಸರಿಹೋಯಿತು, ಮೆತ್ತನೆಯ ಮಣ್ಣಿನಲ್ಲಿ ಸ್ಟ್ಯಾಂಡ್ ಹೂತುಹೋಗುವುದೂ ತಪ್ಪಿತು.

ಹಿಂಭಾಗವನ್ನು ಮಾತ್ರ ಎತ್ತಿದರೆ ಫೋರ್ಕಿನ ಓರೆ ನೆಟ್ಟಗಾಗಿ ಹ್ಯಾಂಡಲ್ ಚುರುಕಾಗುತ್ತದೆ, ವೇಗದಲ್ಲಿ ಸ್ಥಿರತೆ ತಗ್ಗುತ್ತದೆ. ಅದಕ್ಕಾಗಿ ಮುಂದೆಯೂ ಒತ್ತಿದಷ್ಟೂ ಗಟ್ಟಿಯಾಗುವ ಪ್ರೊಗ್ರೆಸಿವ್ ಸ್ಪ್ರಿಂಗುಗಳನ್ನು ಹಾಕಿ, 10ಡಬ್ಲ್ಯೂ ಆಯಿಲಿನ ಬದಲು ಅದಕ್ಕಿಂತ ಮಂದವಾದ 15ಡಬ್ಲ್ಯೂ ತುಂಬಿದೆ. ಆಯಿಲಿನ ಮಟ್ಟವನ್ನು ಸ್ಪ್ರಿಂಗ್ ಹೊರತೆಗೆದು, ಫೋರ್ಕನ್ನು ಪೂರ್ತಿ ಒಳಕ್ಕೆ ಒತ್ತಿ, ನೆಟ್ಟಗೆ ನಿಲ್ಲಿಸಿ ಅಳೆಯಬೇಕು. ಎರಡು ಕಾಲುಗಳ ನಡುವೆ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿರಬಾರದು. ಸವಾರ ಕುಳಿತಾಗಿನ ಕುಸಿತ 42ರಿಂದ 33 ಮಿ.ಮೀ.ಗೆ, ಅಂದರೆ ಒಟ್ಟು ಚಲನೆಯ ಶೇಕಡಾ 30ಕ್ಕೆ ಬಂತು. ಸಾಮಾನು ಸಹಿತ ನೆಲದಿಂದ ಅಂತರ ಈಗ 139 ಮಿ.ಮೀ.

ಹಂತ 6: ಕೆಳಗಿನ ರಕ್ಷಣೆಯ ತಟ್ಟೆ

4 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆಯಿಂದ ಸ್ಕಿಡ್ ಪ್ಲೇಟ್ ಮಾಡಿಸಿದೆ. ಮೊದಲ ತಟ್ಟೆ 6061-ಟಿ6 ಮಿಶ್ರಲೋಹದ್ದು. ಬಲವಾದ ಲೋಹವೆಂದು ಅದನ್ನು ಆರಿಸಿದ್ದೆ, ಆದರೆ 6 ಮಿ.ಮೀ. ತ್ರಿಜ್ಯದಲ್ಲಿ ಬಗ್ಗಿಸುತ್ತಿದ್ದಂತೆ ಮಡಿಕೆಯುದ್ದಕ್ಕೂ ಬಿರುಕುಬಿಟ್ಟಿತು. 5052 ಹಾಳೆ ಅದೇ ಮಡಿಕೆಯನ್ನು ಬಿರುಕಿಲ್ಲದೆ ತೆಗೆದುಕೊಂಡಿತು. ಬಗ್ಗಿಸಬೇಕಾದ ಕೆಲಸಕ್ಕೆ 5052, ಚಪ್ಪಟೆಯಾಗಿಯೇ ಉಳಿಯುವ ಭಾಗಕ್ಕೆ 6061 ಎಂದು ನೆನಪಿಟ್ಟುಕೊಂಡರೆ ಸಾಕು.

ಎಂಜಿನ್ ಚಕ್ರದೊಂದಿಗೆ ಆಡುವ ಘಟಕವಾದ್ದರಿಂದ ತಟ್ಟೆಯನ್ನು ಚಾಸಿಯ ಕೊಳವೆಗಳಿಗೆ ಮಾತ್ರ ಕಟ್ಟಬೇಕು. ಒಂದು ತುದಿ ಚಾಸಿಗೆ, ಇನ್ನೊಂದು ಎಂಜಿನ್ನಿಗೆ ಎಂದಾದರೆ ಮೊದಲ ಗುಂಡಿಯಲ್ಲೇ ಏನಾದರೊಂದು ಮುರಿಯುತ್ತದೆ. ತಟ್ಟೆಗೂ ಎಂಜಿನ್ನಿಗೂ ನಡುವಿನ ಅಂತರವನ್ನು ಅಳೆಯಲು ಎರಡೂ ಶಾಕುಗಳನ್ನು ಬಿಚ್ಚಿ, ಚಕ್ರವನ್ನು ಜ್ಯಾಕಿನಿಂದ ನಿಧಾನವಾಗಿ ಮೇಲಿನ ಮತ್ತು ಕೆಳಗಿನ ಕೊನೆಯವರೆಗೆ ಆಡಿಸಿದೆ. ಅತಿ ಹತ್ತಿರದ ಜಾಗದಲ್ಲಿ 18 ಮಿ.ಮೀ. ಉಳಿಯಿತು. ಮುಂಬದಿಯ ಬ್ರ್ಯಾಕೆಟ್ಟುಗಳು 3 ಮಿ.ಮೀ. ಉಕ್ಕಿನವು, ರಬ್ಬರ್ ಬುಷ್ ಸಹಿತ. ಅವುಗಳಲ್ಲಿ ಎಡಗಡೆಯದು ಒರಟು ರಸ್ತೆಯ ಪರೀಕ್ಷೆಯಲ್ಲಿ ವೆಲ್ಡಿನ ಪಕ್ಕದಲ್ಲೇ ಸೀಳಿತು. ಒಳಮೂಲೆಗೆ ತ್ರಿಕೋನದ ಆಧಾರ ಕೂಡಿಸಿ ಎರಡನ್ನೂ ಮತ್ತೆ ಮಾಡಿಸಿದ ಮೇಲೆ ಆ ತೊಂದರೆ ಬಂದಿಲ್ಲ. ತಟ್ಟೆಯಿಂದಾಗಿ ನೆಲದ ಅಂತರ 9 ಮಿ.ಮೀ. ಕಡಿಮೆಯಾಗಿ 130ಕ್ಕೆ ಇಳಿದಿದೆ. ಆಯಿಲ್ ಹೊರಬಿಡುವ ಬೋಲ್ಟಿಗೆ ಎದುರಾಗಿ ರಂಧ್ರ, ಕೆಸರು ಮತ್ತು ನೀರು ಇಳಿಯಲು ಕೊರೆದ ಸೀಳುಗಳು, ರೇಡಿಯೇಟರಿನ ಗಾಳಿಗೆ ಅಡ್ಡಬಾರದ ಮುಂತುದಿ, ಇವನ್ನು ಹಾಳೆ ಕತ್ತರಿಸುವ ಮೊದಲೇ ರಟ್ಟಿನ ಮಾದರಿಯಲ್ಲಿ ಗುರುತಿಸಿಕೊಳ್ಳಬೇಕು.

ಹಂತ 7: ಟೈರು

ಮೂಲ ಅಳತೆಯಲ್ಲೇ, ಮೂಲ ಭಾರಸೂಚಿಗೆ (ಟೈರು ಹೊರಬಲ್ಲ ಭಾರವನ್ನು ಹೇಳುವ ಸಂಖ್ಯೆಗೆ) ಕಡಿಮೆಯಿಲ್ಲದ, ಅರ್ಧ ರಸ್ತೆಗೆ ಅರ್ಧ ಮಣ್ಣಿಗೆ ಹೊಂದುವ ಗಟ್ಟಿ ಕಟ್ಟುಗಳ ಟೈರುಗಳನ್ನು ಹಾಕಿದೆ. ಡಾಂಬರಿನ ಮೇಲೆ ಸದ್ದು ಸ್ವಲ್ಪ ಹೆಚ್ಚು, ಒದ್ದೆ ರಸ್ತೆಯಲ್ಲಿ ಹಿಡಿತ ಸ್ವಲ್ಪ ಕಡಿಮೆ. ಜಲ್ಲಿಯ ಮೇಲೆ ಸಿಗುವ ಭರವಸೆಗೆ ಇಷ್ಟನ್ನು ಒಪ್ಪಿಕೊಳ್ಳಬೇಕಾಯಿತು. ಎತ್ತರಕ್ಕೆ ಏರಿದಂತೆ ಹೊರಗಿನ ವಾಯುಒತ್ತಡ ಇಳಿಯುವುದರಿಂದ ಮಾಪಕದಲ್ಲಿ ಟೈರಿನ ಒತ್ತಡ ಏರಿದಂತೆ ಕಾಣುತ್ತದೆ, ಚಳಿ ಅದನ್ನು ಇಳಿಸುತ್ತದೆ. ಹಾಗಾಗಿ ರಾತ್ರಿ ತಂಗಿದ ಎತ್ತರದಲ್ಲೇ, ಬೆಳಗ್ಗೆ ಟೈರು ತಣ್ಣಗಿರುವಾಗ ಅಳೆಯುತ್ತೇನೆ. ಟ್ಯೂಬ್‌ಲೆಸ್ ಪ್ಲಗ್ಗುಗಳು ಮತ್ತು 12 ವೋಲ್ಟಿನ ಪಂಪು ಟನಲ್ ಚೀಲದಲ್ಲಿವೆ.

ಹಂತ 8: ವಿದ್ಯುತ್ತು ಮತ್ತು ಕೂಲಂಟ್

ಬಿಸಿಯಾಗುವ ಹಿಡಿಗಳು 36 ವ್ಯಾಟ್, ಎರಡು ಎಲ್ಇಡಿ ದೀಪಗಳು ಸೇರಿ 24 ವ್ಯಾಟ್, ಫೋನ್ ಚಾರ್ಜಿಗೆ 15 ವ್ಯಾಟ್, ಒಟ್ಟು 75 ವ್ಯಾಟ್. ಬ್ಯಾಟರಿಯಿಂದ ನೇರವಾಗಿ 1.5 ಚದರ ಮಿ.ಮೀ. ತಂತಿ, 10 ಆಂಪಿಯರ್ ಫ್ಯೂಸ್, ಪಾರ್ಕಿಂಗ್ ದೀಪದ ತಂತಿಯಿಂದ ಚಾಲೂ ಆಗುವ ರಿಲೇ. ಎಲ್ಲವೂ ಉರಿಯುತ್ತಿರುವಾಗ ಎಂಜಿನ್ ಐಡಲ್‌ನಲ್ಲಿ ಬ್ಯಾಟರಿಯ ಮೇಲೆ 12.7 ವೋಲ್ಟ್, 4,000 ಸುತ್ತಿನಲ್ಲಿ 14 ವೋಲ್ಟ್ ಬಂತು. ಐಡಲ್‌ನಲ್ಲಿ ಬ್ಯಾಟರಿಗೆ ಚಾರ್ಜು ಸೇರುವುದಿಲ್ಲ ಎಂದು ಇದರಿಂದ ತಿಳಿಯುತ್ತದೆ. ದಾರಿ ಬಂದಾಗಿ ಎಂಜಿನ್ ಚಾಲೂ ಇಟ್ಟು ನಿಂತಾಗ ಹಿಡಿಗಳನ್ನು ಆರಿಸಿಬಿಡಬೇಕು.

ಕೂಲಂಟನ್ನು ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧೀಕರಿಸಿದ ನೀರು ಸಮಪಾಲಿನಲ್ಲಿ ಬೆರೆಸಿ ತುಂಬಿದೆ. ಈ ಮಿಶ್ರಣ ಮೈನಸ್ 35 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ರೇಡಿಯೇಟರ್ ಮುಚ್ಚಳ ಕಾಯ್ದುಕೊಳ್ಳುವ ಒತ್ತಡ ಹೊರಗಿನ ಒತ್ತಡಕ್ಕೆ ಸಾಪೇಕ್ಷವಾದದ್ದು. 4,000 ಮೀಟರಿನಲ್ಲಿ ತೆರೆದ ನೀರು 87 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ, ಮುಚ್ಚಳದ ರಬ್ಬರ್ ಹಳತಾಗಿ ಸೋರಿದರೆ ತಗ್ಗಿನಲ್ಲಿ ಕಾಣದ ತೊಂದರೆ ಅಲ್ಲಿ ಕಾಣಿಸಿಕೊಳ್ಳುತ್ತದೆ. ಮುಚ್ಚಳವನ್ನೂ ಹೊಸದಾಗಿ ಹಾಕಿದೆ.

ಹಂತ 9: ಮರುಬಿಗಿತ

ಭಾರ ಹೊತ್ತು ಮೊದಲ 100 ಕಿ.ಮೀ. ಓಡಿದ ಮೇಲೆ ಬಿಚ್ಚಿದ ಎಲ್ಲ ಬೋಲ್ಟುಗಳನ್ನೂ ಟಾರ್ಕ್ ರೆಂಚಿನಿಂದ ಮತ್ತೆ ಪರೀಕ್ಷಿಸಿ, ಸರಿಯಿದ್ದವುಗಳ ಮೇಲೆ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ. ಗೆರೆ ತಪ್ಪಿದ್ದರೆ ಬೋಲ್ಟ್ ತಿರುಗಿದೆ ಎಂದು ಕುಳಿತಲ್ಲಿಂದಲೇ ತಿಳಿಯುತ್ತದೆ. ಶಾಕುಗಳ ಕೆಳಗಿನ ಬೋಲ್ಟುಗಳು ಮತ್ತು ವೇರಿಯೇಟರ್ ನಟ್ಟು ಅಲುಗಿರಲಿಲ್ಲ. ಹಿಂದಿನ ರ‍್ಯಾಕಿನ ಎಂ8 ಬೋಲ್ಟುಗಳಲ್ಲಿ ಬಲಗಡೆಯ ಎರಡು ಸಡಿಲಗೊಂಡಿದ್ದವು. ರ‍್ಯಾಕಿನ ಕಾಲು ಪ್ಲಾಸ್ಟಿಕ್ ಕವಚದ ಮೇಲೆ ಕೂತು ಪ್ಲಾಸ್ಟಿಕ್ ತಗ್ಗಿದ್ದೇ ಇದಕ್ಕೆ ಕಾರಣ. ಕವಚವನ್ನು ಕೊರೆದು, ಲೋಹದ ಕೊಳವೆಯ ತುಂಡನ್ನು ಒಳಗಿಟ್ಟು, ಬೋಲ್ಟಿನ ಒತ್ತು ನೇರವಾಗಿ ಚಾಸಿಗೆ ಹೋಗುವಂತೆ ಮಾಡಿದ್ದೇನೆ.

ಉಳಿದಿರುವ ಕೆಲಸಗಳು ಎರಡು. ಎತ್ತರದ ವಿಂಡ್‌ಸ್ಕ್ರೀನಿನ ಮೇಲ್ತುದಿಯಲ್ಲಿ ಎದ್ದ ಗಾಳಿಸುಳಿ ಹೆಲ್ಮೆಟ್ಟನ್ನು ಅಲುಗಿಸುತ್ತಿದೆ. ಅದನ್ನು 40 ಮಿ.ಮೀ. ಕತ್ತರಿಸಿ ನೋಡಬೇಕು. ಕೊನೆಯ ಗೇರಿನ ಬದಲಾವಣೆಯನ್ನು ಹಿಂದಿನ ಚಕ್ರದ ಬೇರಿಂಗುಗಳನ್ನು ಹೇಗೂ ಬದಲಿಸಬೇಕಾದ ಸಮಯಕ್ಕೆ ಜೋಡಿಸಿಕೊಂಡಿದ್ದೇನೆ, ಏಕೆಂದರೆ ಆಗ ಗೇರ್‌ಕೇಸನ್ನು ಒಮ್ಮೆ ಮಾತ್ರ ತೆರೆದರೆ ಸಾಕಾಗುತ್ತದೆ.